ತಪ್ಪಿನ ಪುಟ ತೆರೆಯೋಣ: ಮುಡಬಿ ಸುತ್ತಲಿನ ಶಿಕ್ಷಕರ ಪ್ರಣಾಳಿಕೆ

ಬೀದರ್ ಜಿಲ್ಲೆಯ ಮುಡಬಿ ಸುತ್ತಲಿನ ಶಾಲೆಗಳಲ್ಲಿ ಕಲಿಸುವ ನಾವು ಇಂದಿನಿಂದ ಒಂದು ಬಳಗ. ಕನ್ನಡ, ಮರಾಠಿ, ಉರ್ದು ಮಾಧ್ಯಮ ಎಂಬ ಗೆರೆ, ಕಾಯಂ, ಅತಿಥಿ ಎಂಬ ಗೆರೆ ದಾಖಲೆಗಳಲ್ಲಿ ಇರಲಿ; ನಮ್ಮ ನಡುವೆ ಇಲ್ಲ. ಈ ಮಾತು ಮುಂದೆ ನಮ್ಮೊಡನೆ ಕೂಡುವ ಗುರುಗಳಿಗೆ, ಗುರುಮಾತೆಯರಿಗೆ.

ಹಳೆಯ ತರಬೇತಿ ಪದ್ಧತಿಯ ಕಾಲ ಮುಗಿಯಿತು. ಶಿಕ್ಷಕರೆಂದರೆ ಖಾಲಿ ಕೊಡ ಎಂದು ತಿಳಿದು ಅದು ಮೇಲಿನಿಂದ ಸುರಿಯುತ್ತಲೇ ಬಂತು. ಸುತ್ತೋಲೆ ಬಂತು, ಓಓಡಿ ಮೇಲೆ ಹೋದೆವು, ಸಹಿ ಹಾಕಿದೆವು, ಸಂಪನ್ಮೂಲ ವ್ಯಕ್ತಿ ಮಾಡ್ಯೂಲ್ ಓದಿದರು, ಸಂಜೆಗೆ ಪ್ರಮಾಣಪತ್ರ ಸಿಕ್ಕಿತು. ಮರುದಿನ ಅದೇ ತರಗತಿ, ಅದೇ ಮಗು, ಅದೇ ತಪ್ಪು. ಆಮೇಲೆ ತರಬೇತಿ ಮೊಬೈಲಿಗೇ ಬಂತು. ವಿಡಿಯೊ ಓಡಿತು, ಕ್ವಿಜ್ ಮುಗಿಯಿತು, ಮಗು ಇದ್ದಲ್ಲೇ ಉಳಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆ ಬೇಕೆಂದಿತು. ಒಳ್ಳೆಯದೇ. ಆದರೆ ಗಂಟೆ ಎಣಿಸಿದವರು ಆ ಗಂಟೆಗಳಲ್ಲಿ ಯಾರ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ನಮ್ಮ ಭಾಗದ ಹೆಸರನ್ನು ಪಟ್ಟಿಯ ಕೆಳಗಿನಿಂದ ಹುಡುಕಿದರು.

ನಮ್ಮ ಪ್ರಶ್ನೆ ಎಂಥದ್ದು? ಒಂದು ಪುಟ ನೋಡಿದರೆ ಸಾಕು. ಎರಡನೇ ತರಗತಿಯ ಹುಡುಗಿ. ಗುರುಗಳು 'ಐವತ್ತೆರಡು' ಎಂದರೆ ಅವಳು 25 ಬರೆಯುತ್ತಾಳೆ. 'ನಲವತ್ತಮೂರು' ಎಂದರೆ 34. ಪ್ರತಿ ಸಲ ಕೆಂಪು ಗೆರೆ, ಕೆಳಗೆ 'ಗಮನ ಸಾಲದು'. ವಾರಗಟ್ಟಲೆ ಹೀಗೇ ನಡೆಯಿತು. ಕೊನೆಗೆ ಪಕ್ಕದ ಶಾಲೆಯ ಗುರುಮಾತೆಯೊಬ್ಬರು ಆ ಪುಟ ನೋಡಿದರು. ಅವರ ಮನೆಮಾತು ಮರಾಠಿ. "ಸರ್, ಆಕಿ ಮನ್ಯಾಗ ಐವತ್ತೆರಡಕ್ಕ ಬಾವನ್ನ ಅಂತಾರ. ಅದರಾಗ ಎರಡು ಮೊದಲು ಬರ್ತದ, ಐವತ್ತು ಆಮ್ಯಾಲ" ಎಂದರು. ನಲವತ್ತಮೂರು ಅವಳಿಗೆ ತ್ರೇಚಾಳೀಸ್. ಅಲ್ಲೂ ಮೂರೇ ಮೊದಲು. ಹುಡುಗಿಯ ಗಮನ ಎಲ್ಲೂ ಕದಲಿರಲಿಲ್ಲ. ಮನೆಮಾತಿನಲ್ಲಿ ಕೇಳಿದ ಕ್ರಮದಲ್ಲೇ ಅವಳು ಬರೆದಿದ್ದಳು. ಹತ್ತರ ಕಡ್ಡಿ ಕಟ್ಟುಗಳನ್ನು ಎಡಕ್ಕೆ, ಬಿಡಿ ಕಡ್ಡಿಗಳನ್ನು ಬಲಕ್ಕೆ ಇಟ್ಟು ಎರಡೂ ಭಾಷೆಗಳಲ್ಲಿ ಎಣಿಸಿದ ಮೇಲೆ ಅವಳೇ 52 ಬರೆದಳು.

ಆ ಗುರುಮಾತೆ ಪುಟ ನೋಡಿದ ಐದು ನಿಮಿಷವನ್ನೇ ನಾವು ವೃತ್ತಿ ಬೆಳವಣಿಗೆ ಎಂದು ಕರೆಯುತ್ತೇವೆ. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಒಂದೇ ಬೆಂಚಿನಲ್ಲಿ ಕೂರುವ ಈ ಗಡಿಸೀಮೆಯ ತರಗತಿಯನ್ನು ದೂರದಲ್ಲಿ ಬರೆದ ಮಾಡ್ಯೂಲ್ ಎಂದೂ ಪೂರ್ತಿ ಅರಿಯಲಾರದು. ಅರಿಯಬಲ್ಲವರು ಇಲ್ಲಿಯ ಶಿಕ್ಷಕರು, ಅದೂ ಒಬ್ಬೊಬ್ಬರಾಗಿ ಅಲ್ಲ, ಕೂಡಿ ಕೂತಾಗ.

ಜೊತೆಯವರೇ ಹೀಗೆ ತಿದ್ದುವುದು ಈ ನೆಲಕ್ಕೆ ಹೊಸದಲ್ಲ. ನಮ್ಮದೇ ತಾಲ್ಲೂಕಿನ ಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಡದಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರಲು ಹೇಳಿದಳೆಂಬ ಕಥೆ ನಮಗೆಲ್ಲ ಗೊತ್ತು. ಆ ತಿದ್ದುವಿಕೆ ಯಾವ ಪೀಠದಿಂದಲೂ ಇಳಿದು ಬರಲಿಲ್ಲ. ಅದೇ ಕಾಯಕದಲ್ಲಿ ಜೊತೆಯಾಗಿ ದುಡಿಯುವವಳು ಹೇಳಿದಳು, ಅವನು ಕೇಳಿದ. ನಮಗೆ ಬೇಕಾದದ್ದು ಹೀಗೆ ಹೇಳುವ ಧೈರ್ಯ, ಕೇಳುವ ಧೈರ್ಯ.

ಶಿಕ್ಷಕರೇ ಕೂಡಿ ಕಟ್ಟಿದ ಕಲಿಕಾ ಪದ್ಧತಿ ನಲಿ-ಕಲಿಯನ್ನು ನೆನೆಯಿರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಚಿಗುರಿದ್ದು ಋಷಿ ವ್ಯಾಲಿಯ ಶಾಲೆಗಳನ್ನು ಕಂಡು ಬಂದ ಸರ್ಕಾರಿ ಶಾಲಾ ಶಿಕ್ಷಕರ ಕೈಯಲ್ಲಿ. ಕಾರ್ಡುಗಳನ್ನು ಅವರೇ ಬರೆದರು, ತರಗತಿಯಲ್ಲಿ ಬಳಸಿ ಅವರೇ ತಿದ್ದಿದರು. ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಹಬ್ಬಿದ ಮೇಲೆ ಕಾರ್ಡು ಎಲ್ಲ ಶಾಲೆಗೂ ತಲುಪಿತು. ಕಾರ್ಡು ಬರೆಯುವ ಅಧಿಕಾರ ಎಲ್ಲ ಶಿಕ್ಷಕರಿಗೆ ತಲುಪಲಿಲ್ಲ. ಆ ಅಧಿಕಾರವನ್ನು ನಾವು ತೆಗೆದುಕೊಳ್ಳುತ್ತೇವೆ.

ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಒಂದೊಂದು ಸಲ ಒಂದೊಂದು ಊರಿನ ಶಾಲೆಯಲ್ಲಿ ಸೇರುತ್ತೇವೆ. ವೇದಿಕೆ ಇರುವುದಿಲ್ಲ, ಶಾಲು-ಹಾರ ಇರುವುದಿಲ್ಲ. ಮೂವತ್ತು ವರ್ಷ ಸೇವೆ ಮಾಡಿದವರೂ ಈ ಜೂನ್‌ನಲ್ಲಿ ಬಂದ ಅತಿಥಿ ಶಿಕ್ಷಕಿಯೂ ಒಂದೇ ಸುತ್ತಿನಲ್ಲಿ ಕೂರುತ್ತಾರೆ. ಒಬ್ಬರ ಪಾಠವನ್ನು ಇನ್ನೊಬ್ಬರು ಹಿಂದಿನ ಸಾಲಿನಲ್ಲಿ ಕೂತು ನೋಡುತ್ತೇವೆ. ಅಲ್ಲಿ ಕಂಡದ್ದನ್ನು ವರದಿ ಮಾಡುವುದಿಲ್ಲ, ಪಾಠ ಮಾಡಿದವರಿಗೇ ಹೇಳುತ್ತೇವೆ. ತಿಳಿದದ್ದನ್ನು ನಮ್ಮ ಬೀದರಿನ ಮಾತಿನಲ್ಲೇ ಒಂದು ದಪ್ಪ ನೋಟುಬುಕ್ಕಿನಲ್ಲಿ ಬರೆದಿಡುತ್ತೇವೆ. ಇಲಾಖೆಯ ತರಬೇತಿಗೆ ಹೋಗುತ್ತೇವೆ, ಆ ನೋಟುಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು. ಇನ್ನು ಮುಂದೆ ತರಬೇತಿ ನಮ್ಮ ಪ್ರಶ್ನೆಯಿಂದ ಶುರುವಾಗಬೇಕು.

ನೀವೂ ಬನ್ನಿ. ಬರುವಾಗ ಒಂದು ಮಗುವಿನ ನೋಟುಬುಕ್ಕು ತನ್ನಿ, ಮಗುವಿನ ಹೆಸರು ಬೇಡ. ನಿಮಗೆ ಇನ್ನೂ ಅರ್ಥವಾಗದ ತಪ್ಪು ಯಾವ ಪುಟದಲ್ಲಿದೆಯೋ ಆ ಪುಟವನ್ನು ನಮ್ಮ ನಡುವೆ ತೆರೆದಿಡಿ.