ನಕ್ಷೆಯಲ್ಲಿ ನಮ್ಮ ಕೆರೆ

ಹೊಸಕೋಟೆಯ ತಾಯಿಯೊಬ್ಬರು ಬರೆದ ಕಾಗದ ನನ್ನ ಮುಂದಿದೆ. ಅವರ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪುಸ್ತಕ ನೋಡದೆಯೇ ಭಾರತದ ನಕ್ಷೆಯನ್ನು ಬರೆದು ಭಾಕ್ರಾ ಅಣೆಕಟ್ಟು, ಕಾಂಡ್ಲಾ ಬಂದರು, ಕರ್ಕಾಟಕ ಸಂಕ್ರಾಂತಿ ವೃತ್ತಗಳನ್ನು ತಪ್ಪಿಲ್ಲದೆ ಗುರುತಿಸುತ್ತಾಳಂತೆ. ಆದರೆ ಮನೆಯ ಹಿರಿಯರು, “ನಮ್ಮ ದೊಡ್ಡಕೆರೆಗೆ ನೀರು ಯಾವ ಕಡೆಯಿಂದ ಬರುತ್ತದೆ ಮಗು?” ಎಂದು ಕೇಳಿದಾಗ ಆಕೆ, “ಮೇಲಿನಿಂದ ತಾತ, ಮಳೆಯಿಂದ” ಎಂದಳಂತೆ. “ಗುರುಗಳೇ, ನಕ್ಷೆಯನ್ನು ಕಲಿಸಬೇಕಾದುದು ಹೀಗೆಯೇ?” ಎಂಬುದು ಆ ತಾಯಿಯ ಪ್ರಶ್ನೆ.

ಮಗುವಿನ ಉತ್ತರದಲ್ಲಿ ತಪ್ಪಿಲ್ಲ. ಆಕೆಗೆ ಕಲಿಸಿದ ನಕ್ಷೆ ಪರೀಕ್ಷೆಯ ನಾಲ್ಕೈದು ಅಂಕಗಳ ಒಂದು ಆಕಾರ ಮಾತ್ರ. ಆನೆಯ ಚಿತ್ರವನ್ನೋ ನವಿಲಿನ ಚಿತ್ರವನ್ನೋ ರೂಢಿಯಿಂದ ಬರೆಯುವಂತೆ ಕೈ ಅದನ್ನು ಬರೆಯುತ್ತದೆ. ಆ ಗೆರೆಗಳ ಮೇಲೆ ನೀರು ಹರಿಯುತ್ತದೆ, ದಾರಿ ನಡೆಯುತ್ತದೆ, ತನ್ನ ಮನೆಯೂ ಅದರೊಳಗೆ ಎಲ್ಲಿಯೋ ಒಂದು ಚುಕ್ಕೆಯಾಗಿದೆ ಎಂಬ ತಿಳಿವು ಮನಸ್ಸಿಗೆ ಇಳಿದಿರುವುದಿಲ್ಲ. ಇದು ಇಂದಿನ ಶಾಲೆಗಳ ದೋಷವೊಂದೇ ಅಲ್ಲ. ನಾವು ಮಠದ ಪಾಠಶಾಲೆಯಲ್ಲಿ ಅಮರಕೋಶದ ವಾರಿವರ್ಗವನ್ನು ಬಾಯಿಪಾಠ ಮಾಡುತ್ತಿದ್ದೆವು. ನದಿಗೆ ಎಷ್ಟೋ ಹೆಸರುಗಳು ನಾಲಗೆಯ ತುದಿಯಲ್ಲಿದ್ದವು. ಆದರೆ ಮಠದ ಹಿಂದೆ ಹರಿಯುತ್ತಿದ್ದ ಹಳ್ಳ ಯಾವ ನದಿಯನ್ನು ಸೇರುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ಶಬ್ದವನ್ನು ಕಲಿಸಿ ವಸ್ತುವನ್ನು ತೋರಿಸದ ರೂಢಿ ಹಳೆಯದು. ಯೂರೋಪಿನಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞನು 1658ರಲ್ಲಿ ಮಕ್ಕಳಿಗಾಗಿ ಚಿತ್ರಗಳ ಪಠ್ಯಪುಸ್ತಕವನ್ನು ಹೊರತಂದುದು ಇದೇ ರೂಢಿಯ ವಿರುದ್ಧವಾಗಿ. ನಮ್ಮಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ಚಿತ್ರಗಳೊಡನೆ ರಚಿಸಿದ್ದನ್ನೂ ಇಲ್ಲಿ ನೆನೆಯಬಹುದು.

ಹಾಗೆಂದು ಚಿತ್ರವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಶಾಲೆಗಳ ಗೋಡೆಯ ಮೇಲಿನ ಎಷ್ಟೋ ಪ್ರಪಂಚ ನಕ್ಷೆಗಳನ್ನು ಮರ್ಕೇಟರ್ ಎಂಬ ನಕ್ಷೆಗಾರನು 1569ರಲ್ಲಿ ರೂಪಿಸಿದ ಕ್ರಮದಲ್ಲಿ ಬರೆಯಲಾಗಿದೆ. ಅದು ಹಡಗಿನವರಿಗೆ ದಿಕ್ಕು ತಪ್ಪದಿರಲೆಂದು ಮಾಡಿದ್ದು. ಅದರಲ್ಲಿ ಉತ್ತರ ಧ್ರುವದ ಬಳಿಯ ಗ್ರೀನ್‌ಲೆಂಡ್ ಆಫ್ರಿಕಾ ಖಂಡಕ್ಕೆ ಸರಿಸಮನಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ಗ್ರೀನ್‌ಲೆಂಡಿನ ವಿಸ್ತೀರ್ಣ ಸುಮಾರು 21.6 ಲಕ್ಷ ಚದರ ಕಿಲೋಮೀಟರ್. ನಮ್ಮ ಭಾರತದ್ದು 32.87 ಲಕ್ಷ. ನಕ್ಷೆಯನ್ನು ನೋಡಿದ ಮಗು ಇದನ್ನು ನಂಬಲಾರದು. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ತರುವಾಗ ಯಾವುದಾದರೊಂದು ಸತ್ಯವನ್ನು ಬಿಟ್ಟುಕೊಡಲೇಬೇಕಾಗುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಲು ಹೇಳಿದರೆ ಮಕ್ಕಳಿಗೆ ಈ ಮಾತು ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ.

ಆದುದರಿಂದ ಪ್ರಪಂಚದಿಂದ ಆರಂಭಿಸಿ ಊರಿಗೆ ಬರುವುದಕ್ಕಿಂತ ಊರಿನಿಂದ ಹೊರಟು ಪ್ರಪಂಚಕ್ಕೆ ಹೋಗುವುದು ಲೇಸು. ಇದಕ್ಕೆ ಹೊಸಕೋಟೆಯಷ್ಟು ಅನುಕೂಲವಾದ ಸ್ಥಳ ವಿರಳ. ಸುಗಟೂರಿನ ಪಾಳೆಯಗಾರ ತಮ್ಮೇಗೌಡನು ಸುಮಾರು 1595ರಲ್ಲಿ ಇಲ್ಲಿ ಹೊಸ ಕೋಟೆಯನ್ನು ಕಟ್ಟಿಸಿದನು. ಊರಿನ ಹೆಸರು ಅದರಿಂದಲೇ ಬಂದಿತು. ಇಲ್ಲಿಯ ಕೆರೆಯ ಏರಿ ಎರಡು ಮೈಲಿ ಉದ್ದವಿದೆಯೆಂದೂ, ಕೆರೆ ತುಂಬಿದಾಗ ನೀರಿನ ಸುತ್ತಳತೆ ಹತ್ತು ಮೈಲಿಗೆ ಕಡಮೆಯಿಲ್ಲವೆಂದೂ ಬ್ರಿಟಿಷರ ಕಾಲದ ಗ್ಯಾಸೆಟಿಯರು ಹೇಳುತ್ತದೆ. ಈ ಕೆರೆಗೆ ನೀರು ತರುವುದು ದಕ್ಷಿಣ ಪಿನಾಕಿನಿ.

ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರಕಟಿಸುವ ಸ್ಥಳಾಕೃತಿ ನಕ್ಷೆಗಳಲ್ಲಿ ಹೊಸಕೋಟೆ ಇರುವ ಹಾಳೆಯ ಹಳೆಯ ಸಂಖ್ಯೆ 57 ಜಿ/16. ನಂದಿಬೆಟ್ಟ 57 ಜಿ/11ರಲ್ಲಿದೆ. ಪ್ರಮಾಣ 1:50,000, ಅಂದರೆ ನೆಲದ ಮೇಲಿನ ಒಂದು ಕಿಲೋಮೀಟರು ಹಾಳೆಯ ಮೇಲೆ ಎರಡು ಸೆಂಟಿಮೀಟರು. ಮಗುವಿಗೆ ಒಂದು ನೂಲಿನ ಎಳೆಯನ್ನೂ ಅಳತೆಪಟ್ಟಿಯನ್ನೂ ಕೊಡಿ. ಎರಡು ಮೈಲಿಯ ಏರಿಗೆ ಆರೂವರೆ ಸೆಂಟಿಮೀಟರಿಗೆ ತುಸು ಕಡಮೆ ನೂಲು ಹಿಡಿಯುತ್ತದೆ. ಹೊಸಕೋಟೆಯಿಂದ ನಂದಿಗೆ ನೇರ ದೂರ ಸುಮಾರು 35 ಕಿಲೋಮೀಟರು, ಎಂದರೆ 70 ಸೆಂಟಿಮೀಟರು. ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ನೆಲದ ಮೇಲೆ ಹರಡಿಕೊಂಡೇ ಇದನ್ನು ಅಳೆಯಬೇಕಾಗುತ್ತದೆ. ಮನೆಮಂದಿಯೆಲ್ಲ ಸುತ್ತ ಕುಳಿತರೆ ಇನ್ನೂ ಒಳ್ಳೆಯದು.

ಈ ಹಾಳೆಯಲ್ಲಿ ಮಕ್ಕಳಿಗೆ ತೊಡಕಾಗುವುದು ಕಂದುಬಣ್ಣದ ಬಳಸುಗೆರೆಗಳು. ಇವು ಸಮೋನ್ನತಿ ರೇಖೆಗಳು, ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುವ ಗೆರೆಗಳು. ಲಕ್ಷಣವಾಕ್ಯವನ್ನು ಬಾಯಿಪಾಠ ಮಾಡಿಸಿದರೆ ಏನೂ ತಿಳಿಯದು. ಅಗಲವಾದ ಬೋಗುಣಿಯಲ್ಲಿ ಜೇಡಿಮಣ್ಣಿನಿಂದ ಒಂದು ಬೆಟ್ಟವನ್ನು ಮಾಡಿಸಿ, ಒಂದು ಮಗ್ಗುಲು ಕಡಿದಾಗಿರಲಿ, ಇನ್ನೊಂದು ಮಗ್ಗುಲು ಇಳಿಜಾರಾಗಿರಲಿ. ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರನ್ನು ಒಂದು ಬೆರಳಿನಷ್ಟು ಎತ್ತರಕ್ಕೆ ಹೊಯ್ದು, ನೀರು ಮುಟ್ಟಿದ ಕಡೆ ಸುತ್ತಲೂ ಕಡ್ಡಿಯಿಂದ ಗೀರಿಸಿ. ಮತ್ತೊಂದು ಬೆರಳು ನೀರು, ಮತ್ತೊಂದು ಗೀರು. ಬೆಟ್ಟ ಮುಳುಗುವವರೆಗೆ ಹೀಗೆ ಮಾಡಿ, ನೀರನ್ನು ಚೆಲ್ಲಿ, ನೆತ್ತಿಯ ಮೇಲಿನಿಂದ ನೋಡಲು ಹೇಳಿ. ಗೀರುಗಳು ಒತ್ತೊತ್ತಾಗಿರುವ ಕಡೆ ಕಡಿದು, ದೂರದೂರವಿರುವ ಕಡೆ ಇಳಿಜಾರು ಎಂಬುದನ್ನು ಮಗು ತಾನಾಗಿಯೇ ಹೇಳುತ್ತದೆ. ನಂದಿಬೆಟ್ಟದ ನೆತ್ತಿ 1,478 ಮೀಟರ್ ಎತ್ತರ. ಹೊಸಕೋಟೆಯ ಬಯಲು ಅದಕ್ಕಿಂತ ಸುಮಾರು 600 ಮೀಟರ್ ತಗ್ಗು. ಇಪ್ಪತ್ತು ಮೀಟರಿಗೊಂದು ಗೆರೆಯಂತೆ ನೆತ್ತಿಯಿಂದ ಕೆರೆಯವರೆಗೆ ಸುಮಾರು 30 ಗೆರೆಗಳನ್ನು ನೀರು ಇಳಿಯಬೇಕು. ಅವುಗಳಲ್ಲಿ ಹೆಚ್ಚಿನವು ಬೆಟ್ಟದ ಮೈಮೇಲೆಯೇ ಒತ್ತಾಗಿವೆ.

ಇದೇ ಮಣ್ಣಿನ ಬೆಟ್ಟದ ಮೇಲೆ ನೀರು ಚಿಮುಕಿಸಿದರೆ ಇನ್ನೊಂದು ಪಾಠ ದೊರೆಯುತ್ತದೆ. ನಂದಿಯ ಬೆಟ್ಟಸಾಲಿನ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯಾಗಿ ದೊಡ್ಡಬಳ್ಳಾಪುರದ ಕಡೆ ಹರಿದು ತಿಪ್ಪಗೊಂಡನಹಳ್ಳಿಯನ್ನು ದಾಟಿ, ಕನಕಪುರ ಸೀಮೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯಾಗಿ ದೇವನಹಳ್ಳಿ, ಹೊಸಕೋಟೆಗಳ ಮೂಲಕ ಇಳಿದು ತಮಿಳುನಾಡನ್ನು ಹೊಕ್ಕು, ಅಲ್ಲಿ ಪೆಣ್ಣೈಯಾರ್ ಎನಿಸಿಕೊಂಡು ಕಡಲೂರಿನ ಬಳಿ ಸಮುದ್ರವನ್ನು ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳು ಬೇರೆ ಬೇರೆ ಊರುಗಳ ಬಾಯಾರಿಕೆಯನ್ನು ತಣಿಸುತ್ತವೆ. ಜಲವಿಭಾಜಕ ಎಂಬ ಪಾರಿಭಾಷಿಕ ಪದವನ್ನು ಇದನ್ನು ತೋರಿಸಿದ ಮೇಲೆ ಹೇಳಿಕೊಟ್ಟರೆ ಸಾಕು.

ಇಷ್ಟಾದ ಮೇಲೆ ಮಗುವಿಗೆ ಹಾಳೆಯ ಬಣ್ಣಗಳನ್ನು ಓದಲು ಬಿಡಿ. ಹಳದಿ ಸಾಗುವಳಿಯ ನೆಲ, ಹಸಿರು ಕಾಡು, ಕೆಂಪು ವಸತಿ ಮತ್ತು ರಸ್ತೆ. ನೀರಿರುವ ಕಡೆ ನೀಲಿ. ಬತ್ತಿದ ಹೊಳೆಯ ಪಾತ್ರಕ್ಕೆ ಕಪ್ಪು ಗೆರೆ. ಹೊಳೆಯೊಂದನ್ನು ಹಾಳೆಯಲ್ಲಿ ಅನುಸರಿಸುತ್ತ ಹೋಗುವ ಮಗು, “ಇಲ್ಲಿ ನೀಲಿ ಏಕಿಲ್ಲ?” ಎಂದು ಕೇಳಿಯೇ ಕೇಳುತ್ತದೆ. ಉತ್ತರ ಹೇಳಬೇಕಾದವರು ಹಿರಿಯರಾದ ನಾವು.

ನಕ್ಷೆಗಳು ಹುಟ್ಟಿದ ಬಗೆಯನ್ನು ತಿಳಿಸಲೂ ಹೊಸಕೋಟೆಯವರು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣ ಪತನಗೊಂಡ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಒಂದು ಸರಳರೇಖೆಯನ್ನು ಸರಪಳಿ ಹಾಸಿ ಅಳೆದನು. ಒಂದು ರೇಖೆಯನ್ನು ನಿಖರವಾಗಿ ಅಳೆದರೆ, ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ನೋಡಿ ಕೋನಗಳನ್ನು ಮಾತ್ರ ಎಣಿಸಿ, ಉಳಿದ ದೂರಗಳನ್ನು ಲೆಕ್ಕದಿಂದಲೇ ಪಡೆಯಬಹುದು. ತ್ರಿಕೋನದಿಂದ ತ್ರಿಕೋನಕ್ಕೆ ಹೀಗೆ ಸಾಗಿ ಹಿಮಾಲಯದವರೆಗೆ ಅಳತೆ ನಡೆಯಿತು. ಅದೇ ಶತಮಾನದಲ್ಲಿ ಅಳೆದ ಆಧಾರರೇಖೆಯೊಂದರ ತುದಿಯನ್ನು ಗುರುತಿಸಿದ್ದ ಹಳೆಯ ವೀಕ್ಷಣಾ ಕಟ್ಟಡ ಹೊಸಕೋಟೆಗೆ ಪಶ್ಚಿಮದಲ್ಲಿ, ಹೆಣ್ಣೂರು–ಬಾಗಲೂರು ರಸ್ತೆಯ ಕಡೆಯ ಕಣ್ಣೂರಿನಲ್ಲಿತ್ತು. ಅದು 2024ರಲ್ಲಿ ಕುಸಿದುಬಿದ್ದಿತು. ಅದು ನಿಂತಿದ್ದಾಗ ಮಕ್ಕಳನ್ನು ಕರೆದೊಯ್ದು ತೋರಿಸಿದವರು ಎಷ್ಟು ಮಂದಿ?

ಈಗ ಗೃಹಸ್ಥರಿಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ. ಸ್ಥಳಾಕೃತಿ ನಕ್ಷೆಯಲ್ಲಿ ಮೂವತ್ತು ನಲವತ್ತರ ನಿವೇಶನವೊಂದು ಸೂಜಿಯ ಮೊನೆಯಷ್ಟು. ಅಲ್ಲಿ ಅದನ್ನು ಹುಡುಕುವುದು ವ್ಯರ್ಥ. ಅದಕ್ಕೆ ಕಂದಾಯ ಇಲಾಖೆಯ ಗ್ರಾಮನಕ್ಷೆ ಬೇಕು. ಅದರ ಪ್ರಮಾಣ 1:7,920, ಅಂದರೆ ಅಂಗುಲಕ್ಕೆ 660 ಅಡಿ. ಆ ನಕ್ಷೆಯಲ್ಲಿ ಅದೇ ನಿವೇಶನ ಒಂದು ರಾಗಿಯ ಕಾಳಿನಷ್ಟಾಗುತ್ತದೆ. ಮೋಜಣಿದಾರರ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ; ನಲವತ್ತು ಗುಂಟೆಗೆ ಒಂದು ಎಕರೆ. ಹಿರಿಯರ ಬಾಯಲ್ಲಿ ಇನ್ನೂ ಇರುವ ಈ ಲೆಕ್ಕ ಶಾಲೆಯ ಗಣಿತಕ್ಕೂ ಒದಗುತ್ತದೆ. ಗ್ರಾಮನಕ್ಷೆಯಲ್ಲಿ ಸರ್ವೆ ನಂಬರುಗಳ ನಡುವೆ ಕೆರೆ, ಹಳ್ಳ, ಕಾಲುವೆ, ಬಂಡಿದಾರಿಗಳನ್ನು ಗುರುತಿಸಿರುತ್ತದೆ. ಇಂತಹ ಸಾರ್ವಜನಿಕ ಬಳಕೆಯ ನೆಲ ಹಿಡುವಳಿಯೊಳಗೆ ಬಂದರೆ ಕಂದಾಯದ ಲೆಕ್ಕದಲ್ಲಿ ‘ಬ’ ಖರಾಬು ಎನಿಸಿಕೊಳ್ಳುತ್ತದೆ.

ಹೊಸಕೋಟೆಯ ಸುತ್ತ ಇಂದು ಹೊಲಗಳು ಬಡಾವಣೆಗಳಾಗುತ್ತಿವೆ. ನಿವೇಶನ ಮಾರುವವರು ಬಣ್ಣದ ಚಿತ್ರಪಟವೊಂದನ್ನು ತೋರಿಸುತ್ತಾರೆ. ಅದರಲ್ಲಿ ಉದ್ಯಾನವಿರುತ್ತದೆ, ಕಾರಂಜಿ ಇರುತ್ತದೆ, ಕಾಲುವೆ ಮಾತ್ರ ಇರುವುದಿಲ್ಲ. ಅದೂ ಒಂದು ನಕ್ಷೆಯೇ, ಆದರೆ ಕೊಳ್ಳುವವನಿಗಾಗಿ ಬರೆದ ನಕ್ಷೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಿಗೆ ನೀರು ನುಗ್ಗಿ, ಲಕ್ಷಾಂತರ ರೂಪಾಯಿ ಸಂಬಳ ಪಡೆಯುವ ವಿದ್ಯಾವಂತರೂ ಟ್ರಾಕ್ಟರಿನ ಮೇಲೆ ನಿಂತು ಮನೆಯಿಂದ ಹೊರಬರಬೇಕಾಯಿತು. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಇಳಿಯುವುದೂ ಇದೇ ದಕ್ಷಿಣ ಪಿನಾಕಿನಿಗೆ. ನೀರು ಹೊಸ ದಾರಿಯನ್ನೇನೂ ಹುಡುಕಲಿಲ್ಲ. ಹಳೆಯ ನಕ್ಷೆಯಲ್ಲಿದ್ದ ದಾರಿಯಲ್ಲಿ ಬಂದಿತು. ಮಗಳ ಮದುವೆಗೆಂದು, ಮಗನ ಭವಿಷ್ಯಕ್ಕೆಂದು ಜೀವಮಾನದ ಉಳಿತಾಯವನ್ನು ನಿವೇಶನಕ್ಕೆ ಹಾಕುವ ಕುಟುಂಬದಲ್ಲಿ ಗ್ರಾಮನಕ್ಷೆಯನ್ನು ಓದಬಲ್ಲ ಒಬ್ಬ ಹುಡುಗಿ ಇದ್ದರೆ ಆ ವಿದ್ಯೆ ಪರೀಕ್ಷೆಯ ನಾಲ್ಕು ಅಂಕಗಳಿಗೆ ನಿಲ್ಲುವುದಿಲ್ಲ.

ಮೊಬೈಲಿನಲ್ಲಿ ಉಪಗ್ರಹದ ಚಿತ್ರವೇ ದೊರೆಯುವಾಗ ಈ ಹಳೆಯ ಹಾಳೆಗಳೇಕೆ ಎಂದು ಯುವಕರು ಕೇಳಬಹುದು. ಇಸ್ರೋ ಸಂಸ್ಥೆಯು 2009ರಲ್ಲಿ ಆರಂಭಿಸಿದ ‘ಭುವನ್’ ಆಗಲಿ, ನಿಂತ ನೆಲದ ಸರ್ವೆ ನಂಬರನ್ನು ತೋರಿಸುವ ನಮ್ಮ ರಾಜ್ಯದ ‘ದಿಶಾಂಕ್’ ಆಗಲಿ ಬಹಳ ಉಪಯುಕ್ತ. ನಾನು ಅವುಗಳನ್ನು ಬೇಡವೆನ್ನುವುದಿಲ್ಲ. ಆದರೆ ಅಂತರಗಂಗೆ ಹಬ್ಬಿದ ಕೆರೆ ಆಕಾಶದಿಂದ ಹಸಿರು ಮೈದಾನದಂತೆ ಕಾಣುತ್ತದೆ. ಬತ್ತಿದ ಕೆರೆ ಬೀಳು ಹೊಲದಂತೆ ಕಾಣುತ್ತದೆ. ಕಣ್ಣಿಗೆ ಬಿದ್ದುದು ಏನೆಂದು ತಿಳಿಯಲು ಗ್ರಾಮನಕ್ಷೆ, ಸ್ಥಳಾಕೃತಿ ನಕ್ಷೆ, ಉಪಗ್ರಹ ಚಿತ್ರ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು, ಅನಂತರ ಏರಿಯ ಮೇಲೆ ನಡೆದು ನೋಡಬೇಕು.

ಆ ತಾಯಿಯವರು ಮಾಡಬಹುದಾದ ಕೆಲಸ ಇದು. ಭಾರತೀಯ ಸರ್ವೇಕ್ಷಣ ಇಲಾಖೆಯು 2017ರಲ್ಲಿ ತನ್ನ ಸಾರ್ವಜನಿಕ ಶ್ರೇಣಿಯ ಹಾಳೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ದೊರಕಿಸಿತು. ಆ ವ್ಯವಸ್ಥೆಗೆ ಇಟ್ಟ ಹೆಸರೂ ‘ನಕ್ಷೆ’ ಎಂದೇ. ಹೊಸ ಶ್ರೇಣಿಯಲ್ಲಿ ಹಾಳೆಯ ಸಂಖ್ಯೆ ಬೇರೆ ಇರುವುದರಿಂದ ಊರಿನ ಹೆಸರಿನಿಂದ ಹುಡುಕಬೇಕು. ಮುದ್ರಿಸಿದ ಹಾಳೆಯೊಡನೆ ಮಗಳನ್ನೂ ತಾತನನ್ನೂ ಒಂದು ಭಾನುವಾರ ಬೆಳಿಗ್ಗೆ ಏರಿಯ ಮೇಲೆ ಕಳುಹಿಸಿ. ಮೊದಲು ಸೂರ್ಯನನ್ನು ನೋಡಿ ಹಾಳೆಯ ಉತ್ತರವನ್ನು ನೆಲದ ಉತ್ತರಕ್ಕೆ ಹೊಂದಿಸಲಿ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಹೊಳೆ ಕೆರೆಯೊಳಗೆ ಬರುವ ಬಾಯಿ ಎಲ್ಲಿದೆ ಎಂದು ತಾತ ತೋರಿಸಲಿ, ಮಗಳು ಹಾಳೆಯಲ್ಲಿ ಗುರುತಿಸಲಿ. ನೀರುಗಂಟಿಗಳ ಮನೆತನದವರು ಯಾರಾದರೂ ಇದ್ದರೆ ಅವರನ್ನೂ ಕೇಳಲಿ. ಕಾಲುವೆಗಳಿಗೂ ಗದ್ದೆಬಯಲುಗಳಿಗೂ ಅವರು ಹೇಳುವ ಹೆಸರುಗಳು ಯಾವ ಮುದ್ರಿತ ಹಾಳೆಯಲ್ಲಿಯೂ ಇರುವುದಿಲ್ಲ. ಅವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ. ಮುಂದಿನ ಹಳ್ಳಿಯ ಹಿರಿಯರು ಅದೇ ಕಾಲುವೆಗೆ ಇನ್ನೊಂದು ಹೆಸರು ಹೇಳಬಹುದು.