ಚರ್ಮರೋಗದ ನಿದಾನಕ್ಕೆ ತಕ್ಕ ತಜ್ಞರನ್ನೇ ನೇಮಿಸಿ

"ಪೆಥಾಲಜಿಸ್ಟ್ ಬೇಕಾಗಿದ್ದಾರೆ" ಎಂಬ ಆಸ್ಪತ್ರೆಗಳ ಜಾಹೀರಾತು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಅರ್ಹತೆ ಎಂ.ಡಿ., ಅನುಭವ ಇಂತಿಷ್ಟು ವರ್ಷ, ಸಂಬಳ ಯೋಗ್ಯತೆಗೆ ತಕ್ಕಂತೆ. ಇಷ್ಟಕ್ಕೆ ಜಾಹೀರಾತು ಮುಗಿಯಿತು. ಗಿರಣಿಯಲ್ಲಿ ದುಡಿಯುವವನಿಗೂ ಪೇಟೆಯಲ್ಲಿ ಚಿಕ್ಕ ಅಂಗಡಿ ಇಟ್ಟವನಿಗೂ ಇದರಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ಆಗಬೇಕಾದ್ದು ಬಹಳ ಇದೆ ಎಂಬುದೇ ನಮ್ಮ ಅಭಿಪ್ರಾಯ. ಮದ್ದು ಕೊಡುವ ಡಾಕ್ಟರನ್ನು ರೋಗಿ ಕಾಣುತ್ತಾನೆ, ಮಾತನಾಡಿಸುತ್ತಾನೆ. ಪೆಥಾಲಜಿಸ್ಟನನ್ನು ಅವನು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಆದರೆ ಒಳಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತ ಆ ಮನುಷ್ಯ ಬರೆಯುವ ಎರಡು ಸಾಲಿನ ಮೇಲೆ ರೋಗಿಯ ಮದ್ದು, ಕೂಲಿ, ಮಾನ ಮೂರೂ ನಿಂತಿರುತ್ತವೆ. ರೋಗ ಚರ್ಮದ್ದಾದರೆ ಈ ಮಾತು ಇನ್ನೂ ನಿಜ.

ನಮ್ಮ ಜಿಲ್ಲೆಯ ದುಡಿಮೆ ಎಲ್ಲವೂ ಮೈಗೆ ತಗಲುವ ದುಡಿಮೆ. ಕಾರ್ಕಳದ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರ ಬೆರಳುಗಳನ್ನು ನೋಡಿದವರಿಗೆ ವಿವರಣೆ ಬೇಕಾಗಿಲ್ಲ. ಸಿಪ್ಪೆಯೊಳಗಿನ ಸೊನೆ ತಗಲಿದಲ್ಲಿ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಕಪ್ಪಾಗುತ್ತದೆ, ಸುಲಿಯುತ್ತದೆ. ಕಾಪು, ಮಲ್ಪೆಗಳ ಕಡಲತೀರದಲ್ಲಿ ಉಪ್ಪುನೀರು, ಬಲೆಯ ಹಗ್ಗ, ಮೀನಿನ ಮುಳ್ಳು. ಕಟ್ಟಡದ ಕೆಲಸದವನ ಕೈಗೆ ಸಿಮೆಂಟು. ಅದರಲ್ಲಿರುವ ಕ್ರೋಮಿಯಂ ಲವಣ ಒಮ್ಮೆ ಮೈಗೆ ಒಗ್ಗದೆ ಹೋದರೆ ಮತ್ತೆ ಆ ಕೈ ಸಿಮೆಂಟು ಮುಟ್ಟುವುದು ಕಷ್ಟ. ಆಷಾಢದ ಗದ್ದೆಯಲ್ಲಿ ಬರಿಗಾಲಿನಲ್ಲಿ ನಿಂತವರಿಗೆ ಹುಳಕಡ್ಡಿ, ಕೆಸರುಹುಣ್ಣು ವರ್ಷವರ್ಷದ ನೆಂಟರು.

ಪ್ರತಿಯೊಂದು ತುರಿಕೆಗೂ ಚರ್ಮ ಕತ್ತರಿಸಿ ನೋಡಬೇಕೆಂದು ನಾವು ಹೇಳುವುದಿಲ್ಲ. ಹೆಚ್ಚಿನವನ್ನು ಬಲ್ಲ ಡಾಕ್ಟರು ಕಣ್ಣಿನಿಂದ ನೋಡಿಯೇ ಗುರುತಿಸುತ್ತಾರೆ. ಆದರೆ ಕಣ್ಣಿಗೆ ಬಗೆಹರಿಯದ ರೋಗಗಳೂ ಇವೆ. ಆಗ ಮೂರು ನಾಲ್ಕು ಮಿಲಿಮೀಟರು ಅಗಲದ ಚರ್ಮದ ಚೂರನ್ನು ನೋವಾಗದಂತೆ ಚುಚ್ಚುಮದ್ದು ಕೊಟ್ಟು ತೆಗೆಯುತ್ತಾರೆ. ಅದನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ ಸೀಳಿ, ಬಣ್ಣ ಹಚ್ಚಿ ಗಾಜಿನ ಮೇಲೆ ಇಡುತ್ತಾರೆ. ಬಯಾಪ್ಸಿ ಎಂದರೆ ಇಷ್ಟೇ. ಇಲ್ಲಿಯವರೆಗಿನ ಕೆಲಸ ಕೈಯದ್ದು. ಮುಂದಿನದು ಕಣ್ಣಿನದ್ದು, ಆ ಕಣ್ಣಿನ ಹಿಂದಿನ ಕಲಿಕೆಯದ್ದು.

ಮೂರು ಉದಾಹರಣೆ ಸಾಕು. ಒಬ್ಬ ಅಂಗಡಿಕಾರನ ಬೆನ್ನ ಮೇಲೆ ಬಣ್ಣಗೆಟ್ಟ ಮಚ್ಚೆಯೊಂದು ಕಂಡಿತೆನ್ನಿ. ಅದು ಬರಿಯ ಸಿಬ್ಬವೋ, ಕುಷ್ಠವೋ? ಸ್ಪರ್ಶಜ್ಞಾನ ಪೂರ್ತಿ ಹೋಗಿದ್ದರೆ ಸಂಶಯವಿಲ್ಲ. ಅರೆಬರೆ ಇದ್ದರೆ ಸೂಕ್ಷ್ಮದರ್ಶಕವೇ ಹೇಳಬೇಕು. ಕುಷ್ಠದ ಒಂದು ಬಗೆಯಲ್ಲಿ ರೋಗಾಣು ಕಾಣಸಿಗುವುದೇ ಅಪರೂಪ. ನರದ ಎಳೆಯ ಸುತ್ತ ಜೀವಕೋಶಗಳು ಗುಂಪುಗೂಡಿದ ರೀತಿಯಿಂದಲೇ ತಿಳಿಯಬೇಕು. ಚರ್ಮದ ಕ್ಷಯವೂ ಹೆಚ್ಚುಕಡಿಮೆ ಅದೇ ಚಿತ್ರವನ್ನು ತೋರಿಸುತ್ತದೆ. ಎರಡನೆಯದು, ಮೈತುಂಬ ನೀರುಗುಳ್ಳೆ ಏಳುವ ರೋಗ. ಗುಳ್ಳೆ ಮೇಲ್ಚರ್ಮದ ಒಳಗೇ ಬಿರಿದಿದ್ದರೆ ಒಂದು ಕಾಯಿಲೆ, ಮೇಲ್ಚರ್ಮದ ತಳದಲ್ಲಿ ಬಿರಿದಿದ್ದರೆ ಮತ್ತೊಂದು. ಮೊದಲನೆಯದಕ್ಕೆ ತಕ್ಕ ಮದ್ದು ಬೇಗ ಸಿಗದಿದ್ದರೆ ಜೀವಕ್ಕೇ ಅಪಾಯ. ಮೂರನೆಯದು ಮುಳ್ಳು ಚುಚ್ಚಿದ ಕಾಲಿನಲ್ಲಿ ವರ್ಷಗಟ್ಟಲೆ ಹೂಕೋಸಿನಂತೆ ಬೆಳೆಯುವ ಗಂಟು. ನಮ್ಮಂತಹ ಮಳೆಯ ನಾಡಿನ ತೋಟದ ಕೂಲಿಗಳಲ್ಲಿ ಕಾಣುವ ಶಿಲೀಂಧ್ರದ ರೋಗ ಅದು. ಹೊರಗಿನಿಂದ ನೋಡಿದರೆ ಕ್ಯಾನ್ಸರಿನಂತೆ ತೋರುತ್ತದೆ. ಸ್ಲೈಡಿನಲ್ಲಿಯೂ ಪಳಗದ ಕಣ್ಣಿಗೆ ಹಾಗೆಯೇ ತೋರಬಹುದು. ಬಲ್ಲವರು ತಾಮ್ರದ ಕಾಸಿನಂತೆ ಹೊಳೆಯುವ ಪುಟ್ಟ ಗುಂಡುಗಳನ್ನು ಹುಡುಕಿ ತೆಗೆಯುತ್ತಾರೆ. ಮದ್ದಿನಿಂದ ವಾಸಿಯಾಗಬಹುದಾದ ಕಾಲಿಗೆ ಕತ್ತಿ ಹಾಕದೆ ಉಳಿಸುವುದು ಆ ಕಾಸಿನ ಗುರುತು.

ನಮ್ಮ ಪೆಥಾಲಜಿಸ್ಟರನ್ನು ಹಗುರ ಮಾಡುವ ಉದ್ದೇಶ ನಮಗಿಲ್ಲ. ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಓದಿ ಅವರು ಎಂ.ಡಿ. ಪಡೆಯುತ್ತಾರೆ. ಆದರೆ ಅದೇ ಒಬ್ಬರು ಬೆಳಗಿನಿಂದ ಸಂಜೆಯವರೆಗೆ ರಕ್ತ, ಗರ್ಭಕೋಶ, ಜಠರ, ಥೈರಾಯ್ಡ್ ಎಲ್ಲವನ್ನೂ ನೋಡಬೇಕು. ಚರ್ಮದ ರೋಗಗಳು ನೂರಾರು. ಚರ್ಮ ಅವುಗಳಿಗೆ ತೋರಿಸುವ ಪ್ರತಿಕ್ರಿಯೆಯ ಬಗೆಗಳು ಬೆರಳೆಣಿಕೆಯವು. ಒಂದೇ ಮುಖದ ಹತ್ತು ಮಂದಿಯಲ್ಲಿ ಕಳ್ಳನನ್ನು ಹಿಡಿಯುವ ಕೆಲಸ ಇದು. ಅದಕ್ಕೆ ಬೇರೆಯೇ ತರಬೇತು ಬೇಕು. ಅಮೆರಿಕದಲ್ಲಿ 1974ರಿಂದಲೇ ಚರ್ಮರೋಗದವರ ಮಂಡಲಿಯೂ ಪೆಥಾಲಜಿಯವರ ಮಂಡಲಿಯೂ ಕೂಡಿ ಇದಕ್ಕೆ ಪ್ರತ್ಯೇಕ ಪರೀಕ್ಷೆ ನಡೆಸುತ್ತಿವೆ. ನಮ್ಮಲ್ಲಿ ಇನ್ನೂ "ಪೆಥಾಲಜಿಸ್ಟ್ ಒಬ್ಬರು ಇದ್ದಾರಲ್ಲ" ಎಂಬ ಉತ್ತರವೇ ಸಾಕೆನಿಸಿದೆ.

ತಪ್ಪು ವರದಿಯ ಬೆಲೆಯನ್ನು ತೆರುವವರು ಯಾರು? 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿ ಹೇಳಬಹುದಾಗಿದ್ದ ಕಾನೂನು ತಿದ್ದುಪಡಿಯಾದದ್ದು 2019ರಲ್ಲಿ. ಕಾಯಿದೆಯನ್ನು ಪಾರ್ಲಿಮೆಂಟು ರದ್ದು ಮಾಡಬಹುದು. ಊರಿನ ನಾಲಗೆಯನ್ನು ರದ್ದು ಮಾಡಲಾಗದು. ಇಲ್ಲದ ಕುಷ್ಠವನ್ನು ಕಾಗದದಲ್ಲಿ ಬರೆದರೆ ಅಂಗಡಿಗೆ ಗಿರಾಕಿ ಬಾರದು, ಮಗಳಿಗೆ ಸಂಬಂಧ ಕೂಡದು. ಇರುವ ಕುಷ್ಠವನ್ನು ಇಲ್ಲವೆಂದರೆ ಕೆಟ್ಟದ್ದು ಇನ್ನೂ ಹೆಚ್ಚು: ಆರು ತಿಂಗಳು ಅಥವಾ ಒಂದು ವರ್ಷ ಪುಕ್ಕಟೆ ಗುಳಿಗೆ ನುಂಗಿ ವಾಸಿಯಾಗಬೇಕಾದವನು ಕೈಬೆರಳು ಸೊಟ್ಟಗಾಗುವವರೆಗೆ ಕಾಯುತ್ತಾನೆ. 2005ರ ಕೊನೆಗೆ ಕುಷ್ಠವು ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲವೆಂದು ದೇಶ ಸಾರಿತು. ಆದರೂ 2023ರಲ್ಲಿ ಲೋಕದಲ್ಲೆಲ್ಲ ಕಂಡ ಸುಮಾರು 1 ಲಕ್ಷ 80 ಸಾವಿರ ಹೊಸ ರೋಗಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಭಾರತದವರು.

ಕಾರ್ಮಿಕನಿಗೆ ಇನ್ನೊಂದು ನಷ್ಟವಿದೆ. 1923ರ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿ ಕೆಲಸದಿಂದ ಬರುವ ಚರ್ಮರೋಗಗಳೂ ಸೇರಿದ್ದವು. ಡಾಂಬರು, ಖನಿಜ ಎಣ್ಣೆಗಳಿಂದ ಬರುವ ಚರ್ಮದ ಕ್ಯಾನ್ಸರೂ ಸೇರಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅಂತಹ ಪಟ್ಟಿ ಇದೆ. ಆದರೆ ರೋಗದ ಹೆಸರು ಕಾಗದದ ಮೇಲೆ ಸರಿಯಾಗಿ ಬಾರದಿದ್ದರೆ ಪಟ್ಟಿ ಇದ್ದೂ ಇಲ್ಲದಂತೆಯೇ. "ಚರ್ಮದ ಉರಿಯೂತ, ನಿರ್ದಿಷ್ಟವಲ್ಲ" ಎಂಬ ವರದಿ ಹಿಡಿದು ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಬರಿಗೈಯೇ ಗತಿ.

ಮಣಿಪಾಲ ಹತ್ತಿರವೇ ಇದೆಯಲ್ಲ, ಮತ್ತೇಕೆ ಗದ್ದಲ ಎಂದು ಕೇಳುವವರಿದ್ದಾರೆ. 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದದ್ದು ಈ ಜಿಲ್ಲೆಯ ಹೆಮ್ಮೆ. ವಿದ್ಯೆ ಅಲ್ಲಿದೆ, ಅದು ದೂರವಲ್ಲ ಎಂಬುದೂ ನಿಜ. ಆದರೆ ಖಾಸಗಿ ಸಂಸ್ಥೆಯ ವಿದ್ಯೆ ಬಡವನಿಗೆ ಉಪಕಾರವಾದೀತೇ ಹೊರತು ಹಕ್ಕಾಗದು. ಹಕ್ಕಾಗಬೇಕಾದರೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಅಂತಹ ತರಬೇತು ಪಡೆದವರ ಹುದ್ದೆಯೊಂದು ಇರಬೇಕು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉಡುಪಿಯವರು ಹೆದರಬಾರದು. ಇದೇ ಪೈಗಳು ಜೊತೆಗಾರರೊಂದಿಗೆ ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿತು. ನೇಕಾರನೂ ಚಿಲ್ಲರೆ ವ್ಯಾಪಾರಿಯೂ ಕೊಟ್ಟ ಆಣೆಗಳೇ ಬಂಡವಾಳವಾದವು. ಅದೇ ಲೆಕ್ಕ ಇಲ್ಲಿಯೂ ಸಲ್ಲುತ್ತದೆ. ಕಾರ್ಕಳದ ತಾಲೂಕಾಸ್ಪತ್ರೆಗೆ ಒಬ್ಬ, ಕಾಪು ತಾಲೂಕಿಗೆ ಒಬ್ಬ, ಕುಂದಾಪುರಕ್ಕೆ ಒಬ್ಬ ತಜ್ಞ ಬೇಕಿಲ್ಲ. ಜಿಲ್ಲೆಗೆಲ್ಲ ಒಬ್ಬರು ಸಾಕು. ವೆಚ್ಚವನ್ನು ಎಲ್ಲರೂ ಹಂಚಿಕೊಳ್ಳಲಿ. ರೋಗಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾಗಿಲ್ಲ. ಚೂರು ತುಂಬಿದ ಸೀಸೆ ಬಂದರಾಯಿತು. ಇಂದು ಸ್ಲೈಡಿನ ಚಿತ್ರವನ್ನೇ ದೂರದ ತಜ್ಞರಿಗೆ ಕ್ಷಣದಲ್ಲಿ ಕಳುಹಿಸಬಹುದು. ಆದರೆ ವರದಿಗೆ ಸಹಿ ಹಾಕಿ ಹೊಣೆ ಹೊರುವವರು, ಚರ್ಮದ ಡಾಕ್ಟರ ಪಕ್ಕದಲ್ಲಿ ನಿಂತು ರೋಗಿಯ ಮೈಯನ್ನು ನೋಡುವವರು ಇಲ್ಲಿಯೇ ಇರಬೇಕು.

ನಾವು ಕೇಳುವುದು ಇಷ್ಟೆ. ಹುದ್ದೆಯ ಪ್ರಕಟಣೆಯಲ್ಲಿ ಚರ್ಮದ ಪೆಥಾಲಜಿಯಲ್ಲಿ ಪಡೆದ ತರಬೇತನ್ನು ಅರ್ಹತೆಯೆಂದು ಸ್ಪಷ್ಟವಾಗಿ ಬರೆಯಿರಿ. ಸಂದರ್ಶನದಲ್ಲಿ ಸರ್ಟಿಫಿಕೇಟು ಎಣಿಸುವುದರ ಬದಲು ಇಪ್ಪತ್ತು ಸ್ಲೈಡು ಮುಂದಿಟ್ಟು ಓದಿಸಿರಿ. ತಕ್ಕವರು ಸಿಗದಿದ್ದರೆ ಇರುವವರಲ್ಲಿ ಒಬ್ಬರನ್ನು ಪೂರ್ತಿ ಸಂಬಳ ಕೊಟ್ಟು ಕಲಿಯಲು ಕಳುಹಿಸಿರಿ. ಹುದ್ದೆ ಕಾಯಂ ಆಗಿರಲಿ; ವರ್ಷಕ್ಕೊಮ್ಮೆ ಕರಾರು ಹರಿಯುವ ಕೆಲಸಕ್ಕೆ ಬಲ್ಲವರು ನಿಲ್ಲುವುದಿಲ್ಲ. ಗುಳ್ಳೆರೋಗಗಳ ಪರೀಕ್ಷೆಗೆ ಬೇಕಾದ ಫ್ಲೂರೆಸೆನ್ಸ್ ಸೂಕ್ಷ್ಮದರ್ಶಕವನ್ನು ಕೊಡಿರಿ. ಚೂರು ತೆಗೆಯುವ ಡಾಕ್ಟರು ಚೀಟಿಯಲ್ಲಿ ಜಾಗ, ರೋಗದ ವಯಸ್ಸು, ರೋಗಿಯ ಕೆಲಸ ಮೂರನ್ನೂ ಬರೆಯುವಂತೆ ನಿಯಮ ಮಾಡಿರಿ. ಗೇರುಬೀಜ ಒಡೆಯುವವಳು ಎಂಬ ಒಂದು ಮಾತು ಕೆಲವೊಮ್ಮೆ ಅರ್ಧ ರೋಗನಿದಾನವೇ ಆಗುತ್ತದೆ.

ನಮ್ಮ ಓದುಗರಿಗೂ ಒಂದು ಮಾತು. ನಿಮ್ಮ ಚರ್ಮದ ಚೂರನ್ನು ಕಳುಹಿಸಿದಾಗ ಅದನ್ನು ನೋಡುವವರು ಯಾರು, ವರದಿ ಯಾವ ದಿನ ಎಂದು ಕೇಳಿರಿ. ಕೇಳುವುದು ಅವಿಧೇಯತೆಯಲ್ಲ. ಯೂನಿಯನ್ನಿನ ಸಭೆಯಲ್ಲಿಯೂ ವರ್ತಕರ ಸಂಘದಲ್ಲಿಯೂ ಈ ವಿಷಯ ಬರಲಿ; ಓಟು ಕೇಳಲು ಬಂದ ಪ್ರತಿನಿಧಿಗಳ ಕಿವಿಗೂ ಬೀಳಲಿ. ದುಡಿಯುವವನಿಗೆ ಮೈಯೇ ಆಸ್ತಿ. ಆ ಆಸ್ತಿಯ ಪತ್ರವನ್ನು ಓದಬಲ್ಲವರು ಜಿಲ್ಲೆಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಒಬ್ಬರಾದರೂ ಇರಲಿ ಎಂಬುದು ಅತಿಯಾಸೆಯಲ್ಲ.