ಯಂತ್ರದೊಡನೆ ಕೌಲು ಬರೆಸಿಕೊಳ್ಳುವ ಕಾಲ

ಹಳೆಯ ಕಂದಾಯ ದಾಖಲೆಗಳಲ್ಲಿ ‘ಕೌಲು’ ಎಂಬ ಪದಕ್ಕೆ ಗೇಣಿಯ ಕರಾರು, ಅಭಯಪತ್ರ ಎಂಬ ಅರ್ಥಗಳಿವೆ. ಒಬ್ಬನ ನೆಲದಲ್ಲಿ ಇನ್ನೊಬ್ಬ ದುಡಿಯುವಾಗ ಯಾರ ಪಾಲು ಎಷ್ಟು, ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಎಂಬುದನ್ನು ಮೊದಲೇ ಬರೆದುಕೊಳ್ಳುವ ಪದ್ಧತಿ ಅದು. ಬಳ್ಳಾರಿ ನಗರದ ಕೌಲ್ ಬಜಾರ್ ಈ ಪದವನ್ನು ಇಂದಿಗೂ ತನ್ನ ಹೆಸರಿನಲ್ಲಿ ಉಳಿಸಿಕೊಂಡಿದೆ. ಆದರೆ ಅಲ್ಲಿನ ಓಣಿಗಳಲ್ಲಿ ಜೀನ್ಸ್ ಹೊಲಿಯುವ ಕುಟುಂಬಗಳಿಗೆ, ಇದೀಗ ಬಾಗಿಲಿಗೆ ಬಂದು ನಿಂತಿರುವ ಹೊಸ ಯಂತ್ರದೊಡನೆ ಯಾವ ಕೌಲೂ ಇಲ್ಲ.

ಬಳ್ಳಾರಿಯ ಜೀನ್ಸ್ ಉದ್ಯಮ ದೊಡ್ಡ ಕಾರ್ಖಾನೆಗಳಿಗಿಂತ ಹೆಚ್ಚಾಗಿ ಸಣ್ಣ ಘಟಕಗಳ ಮೇಲೆ, ಮನೆಯೊಳಗಿನ ದುಡಿಮೆಯ ಮೇಲೆ ನಿಂತಿದೆ. ಒಂದೆಡೆ ಕಟಿಂಗ್, ಇನ್ನೊಂದೆಡೆ ಹೊಲಿಗೆ, ಮತ್ತೊಂದೆಡೆ ಕಾಜಾ ಗುಂಡಿ, ಕೊನೆಗೆ ವಾಷಿಂಗ್. ಕೂಲಿ ಸಿಗುವುದು ಪೀಸ್ ಲೆಕ್ಕದಲ್ಲಿ. ಹೊರ ಊರುಗಳಿಂದ ಆರ್ಡರ್ ತರುವವನನ್ನು ಇಂಥ ವ್ಯವಹಾರದಲ್ಲಿ ಏಜೆಂಟ್ ಎನ್ನುವುದು ರೂಢಿ. ಅದೇ ಹೆಸರು ಹೊತ್ತು ಈಗ ಬಂದಿರುವುದು ಮನುಷ್ಯನಲ್ಲ, ಕೃತಕ ಬುದ್ಧಿಮತ್ತೆಯ ತಂತ್ರಾಂಶ.

ಪ್ರಶ್ನೆ ಕೇಳಿದರೆ ಉತ್ತರ ಹೇಳುವ ತಂತ್ರಾಂಶ ಒಂದು ಬಗೆಯದು. ಏಜೆಂಟ್ ಎನಿಸಿಕೊಂಡದ್ದು ಅದಕ್ಕಿಂತ ಮುಂದಿನದು. ಒಂದು ಗುರಿಯನ್ನು ಒಪ್ಪಿಸಿದರೆ ಅದು ತಾನೇ ಕೆಲಸವನ್ನು ಹಂತಗಳಾಗಿ ಒಡೆಯುತ್ತದೆ, ಬೇಕಾದ ಮಾಹಿತಿಯನ್ನು ಹುಡುಕುತ್ತದೆ, ಪತ್ರ ಬರೆಯುತ್ತದೆ, ಲೆಕ್ಕ ಹಾಕುತ್ತದೆ, ಫಲಿತಾಂಶ ನೋಡಿ ಮತ್ತೆ ತಿದ್ದುತ್ತದೆ. ಹತ್ತು ಮಂದಿಯ ಕಚೇರಿಯನ್ನು ಇಬ್ಬರು ನಡೆಸಬಹುದೆಂಬ ಆಸೆ ನವೋದ್ಯಮಗಳಲ್ಲಿ ಹುಟ್ಟಿರುವುದು ಇದರಿಂದಲೇ.

ಈ ಆಸೆ ಕಾರ್ಯರೂಪಕ್ಕೆ ಬಂದ ನಿದರ್ಶನವೊಂದು ಬೆಂಗಳೂರಿನಲ್ಲಿಯೇ ಇದೆ. ಸಣ್ಣ ವ್ಯಾಪಾರಿಗಳಿಗೆ ಅಂತರ್ಜಾಲದ ಅಂಗಡಿ ಕಟ್ಟಿಕೊಡುವ ‘ದುಕಾನ್’ ಎಂಬ ನವೋದ್ಯಮ ತನ್ನ ಗ್ರಾಹಕ ಸೇವಾ ವಿಭಾಗದ ಶೇ 90ರಷ್ಟು ಮಂದಿಯನ್ನು ಕೈಬಿಟ್ಟು ಆ ಜಾಗಕ್ಕೆ ಕೃತಕ ಬುದ್ಧಿಮತ್ತೆಯನ್ನು ತಂದಿರುವುದಾಗಿ ಅದರ ಮುಖ್ಯಸ್ಥರು 2023ರ ಜುಲೈಯಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ಸೇವೆಯ ಖರ್ಚು ಶೇ 85ರಷ್ಟು ಇಳಿಯಿತೆಂದೂ ಹೇಳಿಕೊಂಡರು. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ ತನ್ನ ತಂತ್ರಾಂಶ 700 ಮಂದಿಯ ಕೆಲಸ ಮಾಡುತ್ತಿದೆ ಎಂದು ಸಾರಿತು. ಮರುವರ್ಷವೇ ಸೇವೆಯ ಗುಣಮಟ್ಟ ಕುಸಿದದ್ದನ್ನು ಒಪ್ಪಿ ಮನುಷ್ಯರನ್ನು ಮತ್ತೆ ನೇಮಿಸಿಕೊಳ್ಳಲು ಹೊರಟಿತು. ಯಂತ್ರ ಎಲ್ಲವನ್ನೂ ನುಂಗುತ್ತದೆ ಎಂಬುದೂ ಪೂರ್ಣ ಸತ್ಯವಲ್ಲ, ಏನೂ ಆಗದು ಎಂಬುದೂ ಸತ್ಯವಲ್ಲ.

ಹಾಗಾದರೆ ಕೌಲ್ ಬಜಾರಿನಂಥ ಕಡೆ ಪೆಟ್ಟು ಬೀಳುವುದು ಎಲ್ಲಿ? ಮೆತ್ತಗೆ ಮಡಿಚಿಕೊಳ್ಳುವ ಬಟ್ಟೆಯನ್ನು ಹಿಡಿದು, ತಿರುಗಿಸಿ, ನೇರ ಹೊಲಿಗೆ ಹಾಕುವುದು ಇಂದಿಗೂ ರೋಬೋಟುಗಳಿಗೆ ಕಷ್ಟದ ಕೆಲಸ. ಸೂಜಿಯ ಮುಂದೆ ಕುಳಿತವರ ಕೈಗೆ ಬದಲಿ ಸುಲಭವಾಗಿ ಸಿಗದು. ಮೊದಲು ಅಲುಗಾಡುವುದು ಮೇಜಿನ ಮುಂದಿನ ಕೆಲಸ: ಬಿಲ್ ಬರೆಯುವ ಗುಮಾಸ್ತ, ವಿನ್ಯಾಸ ಬಿಡಿಸುವ ಹುಡುಗ, ಜಾಹೀರಾತಿನ ಛಾಯಾಗ್ರಾಹಕ, ಲೆಕ್ಕ ನೋಡುವ ಪದವೀಧರೆ. ಹೊಲಿಗೆಯವರ ಮಕ್ಕಳು ಓದಿ ಏರಬೇಕೆಂದುಕೊಂಡ ಮೊದಲ ಮೆಟ್ಟಿಲೇ ಇದು. ಹೊಲಿಯುವವರಿಗೂ ನೆಮ್ಮದಿಯೇನಿಲ್ಲ. ಯಾವ ಊರಿನಲ್ಲಿ ಪೀಸಿಗೆ ಒಂದು ರೂಪಾಯಿ ಕಡಿಮೆ ಎಂದು ಕ್ಷಣದಲ್ಲಿ ತೂಗಿ ನೋಡುವ ತಂತ್ರಾಂಶದೊಡನೆ ಚೌಕಾಸಿ ಮಾಡುವುದು, ಎದುರಿಗೆ ಕುಳಿತ ಏಜೆಂಟನೊಡನೆ ಮಾಡಿದಂತಲ್ಲ. ಅವನಿಗೆ ಹಬ್ಬದ ಮುಂಗಡ ಕೇಳಬಹುದು. ಇದಕ್ಕೆ ಕೇಳುವುದು ಹೇಗೆ?

ಬಯಲುಸೀಮೆಯ ಈ ಮಾತು ಮಲೆನಾಡಿಗೇಕೆ ಎಂದು ಕೇಳುವವರಿರಬಹುದು. ಸಹ್ಯಾದ್ರಿಯ ಮಳೆಯೇ ತುಂಗಭದ್ರೆಯಾಗಿ ಸಿರುಗುಪ್ಪದ ಭತ್ತದ ಗದ್ದೆಗಳನ್ನು ತಲುಪುತ್ತದೆ. ಅಡಿಕೆ ತೋಟಗಳ ಮನೆಗಳಿಂದ ಹೊರಟ ಯುವಜನರು ಬೆಂಗಳೂರಿನಲ್ಲಿ ಸೇರುವುದು ಮೇಲೆ ಹೇಳಿದ ಮೇಜಿನ ಕೆಲಸಗಳಿಗೇ. ಅಲ್ಲಿ ಮೆಟ್ಟಿಲು ಕಳಚಿದರೆ ಇಲ್ಲಿಯ ಮನೆಗಳಿಗೆ ಬರುವ ಹಣವೂ ನಿಲ್ಲುತ್ತದೆ. ಇದಲ್ಲದೆ ಈ ತಂತ್ರಾಂಶಗಳು ಗಾಳಿಯಲ್ಲಿ ನಡೆಯುವುದಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 415 ಶತಕೋಟಿ ಯೂನಿಟ್. 2030ರ ಹೊತ್ತಿಗೆ ಅದು ಇಮ್ಮಡಿಗಿಂತ ಹೆಚ್ಚಾಗುವ ನಿರೀಕ್ಷೆಯಿದೆ. ವಿದ್ಯುತ್ತಿನ ಹಸಿವು ಹೆಚ್ಚಿದಾಗಲೆಲ್ಲ ಕಣ್ಣು ಬೀಳುವುದು ಕಣಿವೆಗಳ ಮೇಲೆ ಎಂಬುದನ್ನು ಶರಾವತಿ ತೀರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕರಾರಿಲ್ಲದ ಸಮೃದ್ಧಿ ಏನು ಮಾಡುತ್ತದೆಂಬುದಕ್ಕೆ ಬಳ್ಳಾರಿ ಜಿಲ್ಲೆಯೇ ಸಾಕ್ಷಿ. ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಸಂಡೂರಿನ ಬೆಟ್ಟಗಳನ್ನು ಎಗ್ಗಿಲ್ಲದೆ ಅಗೆಯಲಾಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ನೀಡಿದಾಗ, ಲಾಭ ಮಾಡಿದವರು ಲಾಭದೊಡನೆ ಉಳಿದರು, ಕೂಲಿಯವರು ಕೆಲಸವಿಲ್ಲದೆ ಉಳಿದರು. ಇದಕ್ಕೆ ಭಿನ್ನವಾದ ದಾರಿಯನ್ನು ಛತ್ತೀಸಗಢದ ದಲ್ಲಿ ರಾಜಹರಾದ ಗಣಿ ಕಾರ್ಮಿಕರು 1970ರ ದಶಕದ ಕೊನೆಯಲ್ಲಿಯೇ ತೋರಿಸಿದ್ದರು. ಪೂರ್ಣ ಯಂತ್ರೀಕರಣದ ಯೋಜನೆ ಬಂದಾಗ, ಶಂಕರ ಗುಹಾ ನಿಯೋಗಿಯವರ ಮುಂದಾಳತ್ವದ ಸಂಘ ಬರಿಯ ವಿರೋಧಕ್ಕೆ ನಿಲ್ಲದೆ ಅರೆ ಯಂತ್ರೀಕರಣದ ಪರ್ಯಾಯ ಯೋಜನೆಯನ್ನೇ ಮುಂದಿಟ್ಟಿತು. ಯಂತ್ರ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಅವರು ಯಂತ್ರ ಎಷ್ಟು, ಯಾರ ಷರತ್ತಿನ ಮೇಲೆ ಎಂಬ ಪ್ರಶ್ನೆಯಾಗಿ ಬದಲಿಸಿದರು.

ಮಲೆನಾಡಿನ ಅನುಭವವೂ ಇದನ್ನೇ ಹೇಳುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ರೂಢಿಗೆ ತಂದಾಗ, ಆ ತಂತ್ರ ಮರವೇರಿ ಔಷಧಿ ಹೊಡೆಯುವವನ ಕೈಗೆ ಹೊಸ ಕೆಲಸ ಕೊಟ್ಟಿತು. ಈಚಿನ ವರ್ಷಗಳಲ್ಲಿ ಬಂದ ಕಾರ್ಬನ್ ಫೈಬರ್ ದೋಟಿ ಮರವೇರುವ ಅಪಾಯವನ್ನೇ ತಪ್ಪಿಸಿತು. ದೋಟಿ ದುಡಿಯುವವನದೇ ಆದಾಗ ಅವನ ದಿನಗೂಲಿ ಏರುತ್ತದೆ. ದೋಟಿ ಬೇರೆಯವರದಾದರೆ ಅವನು ಬರಿಯ ಕೈಯಾಳು. ಬೆಲೆ ಕುಸಿತದಿಂದ ಕಂಗೆಟ್ಟ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದರ ಹಿಂದಿನ ತಿಳಿವೂ ಇದೇ: ಮಾರುಕಟ್ಟೆಯ ಕೀಲಿಕೈ ಬೆಳೆದವನ ಕೈಯಲ್ಲಿರಬೇಕು.

ಕೃತಕ ಬುದ್ಧಿಮತ್ತೆಯಿಂದ ಒಳಿತೇ ಇಲ್ಲವೆನ್ನುವುದು ಹಟವಾದೀತು. ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 7,000 ಮೆಣಸಿನಕಾಯಿ ಬೆಳೆಗಾರರಿಗೆ ಇಂಥ ಸಲಹೆ ನೀಡಿದ ‘ಸಾಗು ಬಾಗು’ ಯೋಜನೆಯಲ್ಲಿ ಇಳುವರಿ ಹೆಚ್ಚಿ ಕೀಟನಾಶಕದ ಬಳಕೆ ತಗ್ಗಿದ ವರದಿಯಿದೆ. ಕುರುಗೋಡಿನ ಮೆಣಸಿನಕಾಯಿ ಬೆಳೆಗಾರನಿಗೂ ಅಂಥ ಸಲಹೆ ಬೇಕು. ಆದರೆ ಸಲಹೆ ತಪ್ಪಿ ಬೆಳೆ ಹೋದರೆ ಹೊಣೆ ಯಾರದು? ಕೃಷಿ ಅಧಿಕಾರಿಯನ್ನಾದರೆ ಹೊಲಕ್ಕೆ ಕರೆದು ತೋರಿಸಬಹುದು. ಹುದ್ದೆಗಳನ್ನು ಖಾಲಿ ಬಿಟ್ಟು ಆ ಜಾಗಕ್ಕೆ ಮೊಬೈಲ್ ಸಲಹೆ ತಂದರೆ ಅದು ಸುಧಾರಣೆಯಲ್ಲ, ಜಾರಿಕೊಳ್ಳುವಿಕೆ.

ಆದ್ದರಿಂದ ಕೌಲಿನ ಷರತ್ತುಗಳನ್ನು ಈಗಲೇ ಬರೆಯಬೇಕು. ಮೊದಲನೆಯದು, ಒಡೆತನ. ಕೌಲ್ ಬಜಾರಿನ ಹೊಲಿಗೆಯವರು ಸಹಕಾರ ಸಂಘ ಕಟ್ಟಿ, ಆರ್ಡರ್ ಹಿಡಿಯುವ ತಂತ್ರಾಂಶವನ್ನು ತಾವೇ ನಡೆಸಲು ಸರ್ಕಾರ ನೆರವಾಗಬೇಕು. 2023ರ ಚುನಾವಣೆಯಲ್ಲಿ 5,000 ಕೋಟಿ ರೂಪಾಯಿಗಳ ಜೀನ್ಸ್ ಪಾರ್ಕಿನ ಭರವಸೆ ಕೇಳಿದವರು, ಅದರಲ್ಲಿ ಹೊಲಿಯುವವರ ಪಾಲೆಷ್ಟು ಎಂದು ಕೇಳಬೇಕು. ಎರಡನೆಯದು, ತಿಳಿವಿನ ಬೆಲೆ. ‘ಕಾರ್ಯ’ ಎಂಬ ಸಂಸ್ಥೆ ಕನ್ನಡದ ಧ್ವನಿ ಮಾದರಿ ಕೊಟ್ಟ ಹಳ್ಳಿಗರಿಗೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟು, ಮರುಮಾರಾಟದಲ್ಲೂ ಪಾಲು ಇರಿಸಿದೆ. ಒಬ್ಬರಿಗೆ ಸಾಧ್ಯವಾದದ್ದು ಉಳಿದವರಿಗೂ ಸಾಧ್ಯ. ಮೂರನೆಯದು, ಹೊಣೆ. ಕೂಲಿ, ಸಾಲ, ಬೆಳೆ ಸಲಹೆ ಇವುಗಳನ್ನು ತಂತ್ರಾಂಶ ನಿರ್ಧರಿಸುವಲ್ಲಿ ಮೇಲ್ಮನವಿ ಕೇಳಲು ಮನುಷ್ಯನೊಬ್ಬ ಇರಲೇಬೇಕು. ನಾಲ್ಕನೆಯದು, ನೀರು ಮತ್ತು ವಿದ್ಯುತ್ತಿನ ಲೆಕ್ಕ. ದತ್ತಾಂಶ ಕೇಂದ್ರ ಬರುವೆಡೆ ಆ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು.

ವಿದ್ಯಾರ್ಥಿಗಳು ಕಲಿಯಬೇಕಾದದ್ದೂ ಇದೆ. ಯಂತ್ರವನ್ನು ಬಳಸುವ ಜಾಣ್ಮೆಯೊಂದೇ ಸಾಲದು. ಅದು ಹೇಳಿದ್ದು ಸರಿಯೋ ತಪ್ಪೋ ಎಂದು ತೂಗಬಲ್ಲ ನೆಲದ ತಿಳಿವು ಬೇಕು. ಬಟ್ಟೆಯನ್ನು ಮುಟ್ಟಿ ಬಲ್ಲವನಿಗೆ, ಎಲೆಯ ಮೇಲಿನ ಚುಕ್ಕೆಯನ್ನು ಕಂಡು ರೋಗವನ್ನು ಹೇಳಬಲ್ಲವಳಿಗೆ ಯಂತ್ರ ಆಳಾಗಿ ದುಡಿಯುತ್ತದೆ. ಆ ತಿಳಿವನ್ನು ಬಿಟ್ಟುಕೊಟ್ಟವರಿಗೆ ಅದೇ ಯಂತ್ರ ಒಡೆಯನಾಗುತ್ತದೆ. ಒಡೆಯನಾದ ಮೇಲೆ ಕೌಲು ಬರೆಸಿಕೊಳ್ಳಲು ಹೊರಟರೆ ಷರತ್ತುಗಳನ್ನು ಹೇಳುವವರು ಬೇರೆಯವರಾಗಿರುತ್ತಾರೆ.